ಹಿಂದಿನ ಬೇರಿಂಗ್ ಯಾಕೆ ಹೋಗುತ್ತಿತ್ತು: ಬೆಂಗಳೂರಿನ ಒಂದು ಸಣ್ಣ ಜೆಟ್ ಎಂಜಿನ್ ತಂಡದ ಪ್ರಕರಣ

ಈ ಪ್ರಕರಣದ ಕಂಪನಿಗೆ ಇಲ್ಲಿ ಹೆಸರಿಲ್ಲ, ಜನರಿಗೂ ಇಲ್ಲ. ಗುರುತು ಸಿಗದ ಹಾಗೆ ಕೆಲವು ಅಳತೆ, ಜಾಗ, ಹುದ್ದೆಗಳನ್ನು ಬದಲಿಸಿದ್ದೇನೆ. ತೊಂದರೆ ಏನಿತ್ತು, ಅದರ ಸುತ್ತ ಯಾರು ಏನು ತೀರ್ಮಾನ ಮಾಡಿದರು ಅನ್ನುವುದು ಇದ್ದ ಹಾಗೇ ಇದೆ. ನಾನು ಹೊರಗಿನಿಂದ ಪರಿಶೀಲನೆಗೆ ಹೋದವನು. ಪರೀಕ್ಷೆಯ ಲಾಗ್ ಪುಸ್ತಕಗಳನ್ನು ಓದಿ, ಎಲ್ಲರ ಜೊತೆ ಕೂತು ಮಾತಾಡಿ ಬರೆದದ್ದು ಇದು.

ಹಿನ್ನೆಲೆ

ಬೆಂಗಳೂರಿಗೆ ವಿಮಾನ ಕಟ್ಟುವುದು ಹೊಸದಲ್ಲ. ಕೈಕೊಟ್ಟಿದ್ದು ಯಾವಾಗಲೂ ಎಂಜಿನ್. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ತಂಡ ಎಚ್‌ಎಎಲ್‌ನಲ್ಲಿ ವಿನ್ಯಾಸ ಮಾಡಿದ ಮಾರುತ್ ಯುದ್ಧವಿಮಾನ 1961ರ ಜೂನ್‌ನಲ್ಲಿ ಹಾರಿತು. ಅದಕ್ಕೆಂದು ನಂಬಿಕೊಂಡಿದ್ದ ಹೆಚ್ಚು ಬಲದ ಎಂಜಿನ್ ಬರಲೇ ಇಲ್ಲ, ಕಡಿಮೆ ಬಲದ ಆರ್ಫಿಯಸ್ 703ರಲ್ಲೇ ಅದು ಕಾಲ ಹಾಕಿತು. ಸಿ.ವಿ. ರಾಮನ್ ನಗರದಲ್ಲಿರುವ ಸರ್ಕಾರಿ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇಯ ಕಾವೇರಿ ಎಂಜಿನ್‌ಗೆ 1989ರಲ್ಲಿ ಮಂಜೂರಾತಿ ಸಿಕ್ಕಿತು. ಅದನ್ನು ಹೊತ್ತು ಹಾರಬೇಕಿದ್ದ ತೇಜಸ್ 2001ರ ಜನವರಿ 4ರಂದು ಮೊದಲ ಬಾರಿ ಹಾರಿದ್ದು ಅಮೆರಿಕದ ಎಫ್404 ಎಂಜಿನ್ ಹಾಕಿಕೊಂಡು. 2008ರಲ್ಲಿ ಕಾವೇರಿಯನ್ನು ತೇಜಸ್ ಯೋಜನೆಯಿಂದ ಬೇರೆ ಮಾಡಿದರು. ಮೇಲೆ ಹೋದಾಗ ಎಂಜಿನ್ ಹೇಗೆ ನಡೆಯುತ್ತದೆ ಎಂದು ನೋಡಲು ಅದನ್ನು 2010ರಲ್ಲಿ ರಷ್ಯಾದಲ್ಲಿ ಐಎಲ್-76 ವಿಮಾನಕ್ಕೆ ಕಟ್ಟಿ ಹಾರಿಸಬೇಕಾಯಿತು.

ಇದೇ ಊರಿನಲ್ಲಿ ಇನ್ನೊಂದು ಕತೆಯೂ ನಡೆಯುತ್ತಿತ್ತು. 2000ದಲ್ಲಿ ವೈಟ್‌ಫೀಲ್ಡ್‌ನಲ್ಲಿ ಜಿಇಯ ಸಂಶೋಧನಾ ಕೇಂದ್ರ ಶುರುವಾಯಿತು. ಮುಂದೆ ಬೇರೆ ದೊಡ್ಡ ಎಂಜಿನ್ ಕಂಪನಿಗಳೂ ಬಂದವು, ಅವುಗಳಿಗೆ ಕೆಲಸ ಮಾಡಿಕೊಡುವ ಸೇವಾ ಕಂಪನಿಗಳೂ ಬೆಳೆದವು. ಹೀಗಾಗಿ ಇವತ್ತು ಟರ್ಬೈನ್ ಬ್ಲೇಡಿನ ಒತ್ತಡ ಲೆಕ್ಕ ಹಾಕುವವರು, ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಬಿಡಿಸುವವರು ಬೇಕೆಂದರೆ ಬೆಂಗಳೂರಿನಲ್ಲಿ ಹುಡುಕುವ ಕಷ್ಟವಿಲ್ಲ. ಖಾಲಿ ಹಾಳೆಯಿಂದ ಶುರುಮಾಡಿ, ಎಂಜಿನ್ ಕಟ್ಟಿ, ಓಡಿಸಿ, ಕೆಡಿಸಿ, ಬಿಚ್ಚಿ, ಮತ್ತೆ ಕಟ್ಟಿದವರು ಬೇಕೆಂದರೆ ಕೈಬೆರಳು ಮಡಚಬೇಕು.

ನಮ್ಮ ಪ್ರಕರಣದ ಕಂಪನಿಯನ್ನು ಕಟ್ಟಿದ್ದು ಈ ಎರಡನೇ ಕತೆಯಿಂದ ಬಂದವರು. ಮುಖ್ಯಸ್ಥರು ವರ್ಷಗಟ್ಟಲೆ ದೊಡ್ಡ ಎಂಜಿನ್‌ಗಳ ಬ್ಲೇಡ್ ಲೆಕ್ಕ ಮಾಡಿದವರು. ಜೊತೆಗೆ ಒಂದಷ್ಟು ಹುಡುಗ ಹುಡುಗಿಯರು, ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಗಟ್ಟಿ. ಗುರಿ ಕೂಡ ದೊಡ್ಡದೇನಲ್ಲ: ಸೇನೆ ಗುಂಡು ಹಾರಿಸುವ ಅಭ್ಯಾಸಕ್ಕೆ ಬಳಸುವ, ಪೈಲಟ್ ಇಲ್ಲದ ಸಣ್ಣ ವಿಮಾನಕ್ಕೆ ಒಂದು ಟರ್ಬೋಜೆಟ್. ಗಾಳಿಯನ್ನು ಒತ್ತುವ ಒಂದು ಕಂಪ್ರೆಸರ್ ಚಕ್ರ, ಸುತ್ತಲೂ ಉರಿಯುವ ಕೋಣೆ, ಹಿಂದೆ ಬಿಸಿಗಾಳಿಗೆ ತಿರುಗುವ ಒಂದು ಟರ್ಬೈನ್ ಚಕ್ರ, ನಡುವೆ ಒಂದು ಶಾಫ್ಟ್, ಅದನ್ನು ಹಿಡಿದಿರುವ ಎರಡು ಬೇರಿಂಗ್. ಇಬ್ಬರು ಸುಲಭವಾಗಿ ಎತ್ತಿ ಮೇಜಿನ ಮೇಲೆ ಇಡಬಹುದು. ನಿಮಿಷಕ್ಕೆ ಸುಮಾರು 50,000 ಸುತ್ತು.

ಯಂತ್ರದ ಭಾಗಗಳು ಪೀಣ್ಯದಲ್ಲಿ ಆಗುತ್ತಿದ್ದವು. ಪರೀಕ್ಷೆ ಮಾತ್ರ ಊರಾಚೆ, ದೊಡ್ಡಬಳ್ಳಾಪುರದ ಕಡೆ ಬಾಡಿಗೆಗೆ ಹಿಡಿದ ಒಂದು ಶೆಡ್ಡಿನಲ್ಲಿ. ಸುತ್ತ ದ್ರಾಕ್ಷಿ ತೋಟ. ಶಬ್ದದ ಬಗ್ಗೆ ತೋಟದವರು ಶುರುವಿನಲ್ಲೇ ಜಗಳ ತೆಗೆದಿದ್ದರು. ಒಂದು ಸಲಕ್ಕೆ ಇಷ್ಟೇ ನಿಮಿಷ, ಕೆಲಸ ಮುಗಿದ ತಕ್ಷಣ ನಿಲ್ಲಿಸುತ್ತೇವೆ ಎಂದು ಮಾತು ಕೊಟ್ಟು ಸಮಾಧಾನ ಮಾಡಿದ್ದರು. ಈ ಒಪ್ಪಂದವನ್ನು ನೆನಪಿಟ್ಟುಕೊಳ್ಳಿ.

ತೊಂದರೆ

ಎಂಜಿನ್ ಹೊತ್ತಿಕೊಂಡಿತು. ಇದೇ ದೊಡ್ಡ ವಿಷಯ, ಅನೇಕ ತಂಡಗಳು ಇಲ್ಲಿಗೇ ಸುಸ್ತಾಗುತ್ತವೆ. ಎಣಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ನೂಕುಬಲ ಬಂತು, ಅದೂ ಸರಿಯಾಗುತ್ತಾ ಬಂತು. ಆದರೆ ಹಿಂದಿನ ಬೇರಿಂಗ್, ಅಂದರೆ ಟರ್ಬೈನ್ ಪಕ್ಕದ್ದು, ಮತ್ತೆ ಮತ್ತೆ ಹೋಗುತ್ತಿತ್ತು. ಮೊದಲು ಕಂಪನ ಏರುತ್ತದೆ, ಆಮೇಲೆ ಕೀಚಲು ದನಿ, ನಿಲ್ಲಿಸಿ ಬಿಚ್ಚಿದರೆ ಬೇರಿಂಗಿನ ಗುಂಡುಗಳನ್ನು ಹಿಡಿದಿರುವ ಪಂಜರ ಮುರಿದಿರುತ್ತದೆ. ಗುಂಡು ಓಡುವ ಹಾದಿಯ ಮೇಲೆ ಕಪ್ಪು ಅಂಟು. ಬೇರಿಂಗ್ ಕೂರುವ ಜಾಗದಲ್ಲಿ ಶಾಫ್ಟಿನ ಬಣ್ಣ ಒಣಹುಲ್ಲಿನ ಹಳದಿ, ಅಲ್ಲಿಂದ ಟರ್ಬೈನ್ ಕಡೆಗೆ ಹೋದಂತೆ ಕಂದು, ಆಮೇಲೆ ನೀಲಿ.

ಲೇತ್ ಕೆಲಸ ಬಲ್ಲವರಿಗೆ ಈ ಬಣ್ಣ ಓದಲು ಬರುತ್ತದೆ. ಉಕ್ಕು ಗಾಳಿಯಲ್ಲಿ ಬಿಸಿಯಾದಾಗ ಸುಮಾರು 200 ಡಿಗ್ರಿ ದಾಟಿದ ಮೇಲೆ ಹಳದಿ ತಿರುಗುತ್ತದೆ, 300ರ ಹತ್ತಿರ ನೀಲಿ. ಮಾಮೂಲಿ ಬೇರಿಂಗ್ ಉಕ್ಕಿಗೆ ಈ ಬಿಸಿ ಸಲ್ಲ, ಗಡಸು ಹೋಗುತ್ತದೆ. ಬಟ್ಟೆ ಮತ್ತು ರಾಳದಲ್ಲಿ ಮಾಡಿದ ಪಂಜರಕ್ಕಂತೂ ಇದರ ಅರ್ಧಕ್ಕೇ ಕಷ್ಟ ಶುರು. ಆದರೆ ಬೇರಿಂಗಿನ ಹೊರಬಳೆಗೆ ಅಂಟಿಸಿದ್ದ, ಬಿಸಿ ಅಳೆಯುವ ಥರ್ಮೋಕಪಲ್ ಎಂಜಿನ್ ಓಡುವಾಗ 120 ಡಿಗ್ರಿಗಿಂತ ಮೇಲೆ ಹೋದದ್ದೇ ಇಲ್ಲ. ಲೆಕ್ಕವೂ ಅಷ್ಟೇ ಹೇಳುತ್ತಿತ್ತು.

ಲೆಕ್ಕ ಮತ್ತು ಅಳತೆ ಎರಡೂ ಒಂದೇ ಮಾತು ಹೇಳಿದಾಗ ಶಾಫ್ಟಿನ ಬಣ್ಣವನ್ನು ಯಾರು ನಂಬುತ್ತಾರೆ? ಬೇರಿಂಗ್ ಕೆಟ್ಟು ಉಜ್ಜಿದ್ದರಿಂದ ಆ ಬಿಸಿ ಬಂದಿದೆ, ಬಣ್ಣ ಪರಿಣಾಮವೇ ಹೊರತು ಕಾರಣವಲ್ಲ ಎಂದು ವರದಿಯಲ್ಲಿ ಬರೆದರು. ಓದಿದರೆ ಸರಿ ಅನ್ನಿಸುವ ವಾಕ್ಯ. ಅದೊಂದು ವಾಕ್ಯ ತಂಡವನ್ನು ತಿಂಗಳುಗಟ್ಟಲೆ ದಾರಿ ತಪ್ಪಿಸಿತು.

ಮಾಡಿ ನೋಡಿದ್ದು

ಮೊದಲು ಬೇರಿಂಗನ್ನೇ ಬದಲಿಸಿದರು. ಸೆರಾಮಿಕ್ ಗುಂಡಿನ ದುಬಾರಿ ಬೇರಿಂಗ್ ತರಿಸಿದರು. ಹಿಂದಿನದಕ್ಕಿಂತ ಜಾಸ್ತಿ ಹೊತ್ತು ಬಾಳಿತು, ಆಮೇಲೆ ಅದೂ ಹೋಯಿತು. ಒಂದಿಷ್ಟು ಸುಧಾರಿಸಿದ್ದೇ ತೊಂದರೆಯಾಯಿತು. ಬೇರಿಂಗಿನ ಗುಣಮಟ್ಟವೇ ವಿಷಯ ಎಂಬ ನಂಬಿಕೆ ಗಟ್ಟಿಯಾಯಿತು.

ಈ ಹೊತ್ತಿಗೆ ಮುಖ್ಯಸ್ಥರು ಒಂದು ಒಳ್ಳೆಯ ಕೆಲಸ ಮಾಡಿದರು. ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನ್ ಜೋಡಣೆ ಮತ್ತು ಓವರ್‌ಹಾಲ್‌ನಲ್ಲಿ ಕೂದಲು ಹಣ್ಣು ಮಾಡಿಕೊಂಡು ನಿವೃತ್ತರಾಗಿದ್ದ ಒಬ್ಬರನ್ನು ಕರೆತಂದರು. ಹೂಡಿಕೆದಾರರು ‘ಇವರಿಗೆ ನಮ್ಮ ಸಾಫ್ಟ್‌ವೇರೇ ಗೊತ್ತಿಲ್ಲವಲ್ಲ’ ಎಂದಾಗ ಮುಖ್ಯಸ್ಥರು ರೋಲ್ಸ್-ರಾಯ್ಸ್ ಕತೆ ಹೇಳಿದರಂತೆ. ಆರ್‌ಬಿ211 ಎಂಜಿನ್ ಮಾಡಲು ಹೋಗಿ ಆ ಕಂಪನಿ 1971ರ ಫೆಬ್ರವರಿಯಲ್ಲಿ ದಿವಾಳಿ ಎದ್ದಿತು. ಆಗ ನಿವೃತ್ತರಾಗಿದ್ದ ಎಂಜಿನ್ ತಜ್ಞ ಸ್ಟ್ಯಾನ್ಲಿ ಹೂಕರ್ ವಾಪಸ್ ಬಂದರು, ತಮ್ಮ ಕಾಲದ ಇನ್ನೂ ಕೆಲವು ಹಿರಿಯರನ್ನು ಸೇರಿಸಿಕೊಂಡರು. 1972ರಲ್ಲಿ ಆ ಎಂಜಿನ್ ಟ್ರೈಸ್ಟಾರ್ ವಿಮಾನದಲ್ಲಿ ಪ್ರಯಾಣಿಕರನ್ನು ಹೊತ್ತು ಹಾರಿತು. ಕತೆ ನಿಜವೇ. ಆದರೆ ಹಿರಿಯರು ಬಂದ ಮಾತ್ರಕ್ಕೆ ಬಾಗಿಲು ತೆರೆದುಕೊಳ್ಳುತ್ತದೆ ಎಂದು ಅಂದುಕೊಂಡರೆ ಅದೂ ಮೋಸವೇ, ಇಲ್ಲಿ ಆದದ್ದು ನೋಡಿ.

ನಿವೃತ್ತರು ಬಂದವರೇ ‘ಇದು ಬ್ಯಾಲೆನ್ಸ್ ತೊಂದರೆ’ ಅಂದರು. ತಂಡ ವಾರಗಟ್ಟಲೆ ಶಾಫ್ಟು, ಚಕ್ರಗಳನ್ನು ಬ್ಯಾಲೆನ್ಸ್ ಮಾಡುತ್ತಾ ಕೂತಿತು. ಕಂಪನ ನಿಜವಾಗಿಯೂ ಇಳಿಯಿತು. ಬೇರಿಂಗ್ ಮಾತ್ರ ಹೋಗುತ್ತಲೇ ಇತ್ತು. ಹುಡುಗರಿಗೆ ಅವರ ಮೇಲಿದ್ದ ಗೌರವ ಸ್ವಲ್ಪ ಇಳಿಯಿತು, ಅವರಿಗೂ ಅದು ತಿಳಿಯಿತು. ಕೆಲವು ದಿನ ಅವರು ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ.

ಮೂರನೆಯದು ತಣಿಸುವ ಪ್ರಯತ್ನ. ಇಂಥ ಸಣ್ಣ ಎಂಜಿನ್‌ಗಳಲ್ಲಿ ಬೇರಿಂಗಿಗೆ ಬೇರೆ ಎಣ್ಣೆ ಟ್ಯಾಂಕ್ ಇರುವುದಿಲ್ಲ. ಸೀಮೆಎಣ್ಣೆ ಜಾತಿಯ ಇಂಧನಕ್ಕೇ ಸ್ವಲ್ಪ ಎಣ್ಣೆ ಬೆರೆಸಿ, ಅದರಲ್ಲಿ ಒಂದು ಚೂರನ್ನು ಬೇರಿಂಗಿನ ಕಡೆ ತಿರುಗಿಸುತ್ತಾರೆ. ಆ ಚೂರನ್ನು ಹೆಚ್ಚಿಸಿದರು. ಓಡುವಾಗಿನ ಬಿಸಿ ಇನ್ನೂ ಇಳಿಯಿತು, ಗ್ರಾಫ್ ನೋಡಲು ಚೆಂದ ಬಂತು. ಬಿಚ್ಚಿದಾಗ ಕಪ್ಪು ಅಂಟು ಮೊದಲಿಗಿಂತ ದಪ್ಪಗಿತ್ತು. ಬೇರಿಂಗ್ ಮೊದಲಿಗಿಂತ ಬೇಗ ಹೋಗಿತ್ತು.

ತಿರುವು

ಉಷ್ಣದ ಲೆಕ್ಕ ನೋಡುತ್ತಿದ್ದ ಎಂಜಿನಿಯರ್ ತಂಡದಲ್ಲಿ ವಯಸ್ಸಿನಲ್ಲಿ ಚಿಕ್ಕವರು. ತಣಿಸಿದಷ್ಟೂ ಕೆಡುತ್ತಿದೆ ಅನ್ನುವುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಒಂದು ಸಂಜೆ ಅವರು ಗ್ರಾಫುಗಳನ್ನು ಬದಿಗಿಟ್ಟು, ರೆಕಾರ್ಡರ್ ಬರೆದ ಹಸಿ ಕಡತಗಳನ್ನೇ ಸಾಲು ಸಾಲಾಗಿ ಓದಲು ಕೂತರು. ಗ್ರಾಫುಗಳೆಲ್ಲ ಎಂಜಿನ್ ಐಡಲ್ ವೇಗಕ್ಕೆ, ಅಂದರೆ ಸುಮ್ಮನೆ ಓಡುವ ಕನಿಷ್ಠ ವೇಗಕ್ಕೆ, ಬಂದ ಮೇಲೆ ಶುರುವಾಗುತ್ತಿದ್ದವು. ಮೊದಲಿನ ಸೆಕೆಂಡುಗಳು ಉಪಯೋಗವಿಲ್ಲ ಎಂದು ಯಾರೋ ಒಮ್ಮೆ ಕತ್ತರಿಸಿದ್ದರು, ಆಮೇಲೆ ಅದೇ ಪದ್ಧತಿಯಾಗಿತ್ತು.

ಒಂದು ದಿನದ ಮೊದಲ ಓಟದ ಕಡತದಲ್ಲಿ ಕೊನೆಯ ಸಾಲು: ಹಿಂದಿನ ಬೇರಿಂಗ್ 112 ಡಿಗ್ರಿ. ಅದೇ ದಿನದ ಎರಡನೇ ಓಟದ ಮೊದಲ ಸಾಲು, ಎಂಜಿನ್ ಇನ್ನೂ ಹೊತ್ತಿಲ್ಲ: 187.

ಅವರು ಲ್ಯಾಪ್‌ಟಾಪ್ ಎತ್ತಿಕೊಂಡು ನಿವೃತ್ತರ ಮೇಜಿಗೆ ಹೋದರು. ‘ಸಾರ್, ನಿಲ್ಲಿಸಿದಾಗ 112. ಶುರು ಮಾಡುವಾಗ 187. ನಡುವೆ ಯಾರು ಬೆಂಕಿ ಹಾಕಿದ್ದು?’

ಅವರು ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು. ‘ಅಲ್ಲಮ್ಮಾ, ನೀವು ನಿಲ್ಲಿಸೋ ಮುಂಚೆ ಐಡಲ್‌ನಲ್ಲಿ ಎಷ್ಟು ಹೊತ್ತು ಬಿಡ್ತೀರಾ?’

ಬಿಡುತ್ತಲೇ ಇರಲಿಲ್ಲ. ದ್ರಾಕ್ಷಿ ತೋಟದವರಿಗೆ ಕೊಟ್ಟ ಮಾತಿನಂತೆ, ಅಳತೆ ಮುಗಿದ ತಕ್ಷಣ ಪೂರ್ತಿ ವೇಗದಿಂದಲೇ ಇಂಧನ ಕಡಿಯುತ್ತಿದ್ದರು. ನಿವೃತ್ತರು ಕೆಲಸ ಮಾಡಿದ ಕಡೆ ಎಂಜಿನನ್ನು ಕೆಲವು ನಿಮಿಷ ಐಡಲ್‌ನಲ್ಲಿ ತಣಿಯಲು ಬಿಟ್ಟೇ ನಿಲ್ಲಿಸುವುದು. ಅವರಿಗೆ ಅದು ಹಲ್ಲುಜ್ಜಿದಷ್ಟು ಸಹಜ, ಹಾಗಾಗಿ ಇಲ್ಲಿ ಕೇಳಬೇಕು ಎಂದೇ ಹೊಳೆದಿರಲಿಲ್ಲ. ಹುಡುಗರಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ, ಹಾಗಾಗಿ ಅವರೂ ಹೇಳಿರಲಿಲ್ಲ.

ಮರುದಿನ ಪರೀಕ್ಷೆಯ ಮೆಕ್ಯಾನಿಕ್‌ಗೆ ಹೇಳಿದ್ದು ಇಷ್ಟೇ: ‘ಅಣ್ಣಾ, ಎಂಜಿನ್ ನಿಂತ ಮೇಲೂ ರೆಕಾರ್ಡರ್ ಆಫ್ ಮಾಡಬೇಡಿ.’ ಎಂಜಿನ್ ನಿಂತಿತು. ಎಲ್ಲರೂ ಪರದೆ ನೋಡುತ್ತಾ ನಿಂತರು. ಬೇರಿಂಗಿನ ಬಿಸಿ ಒಂದು ಕ್ಷಣ ಇಳಿಯಿತು, ಆಮೇಲೆ ಏರತೊಡಗಿತು. 150 ದಾಟಿತು, 200 ದಾಟಿತು. ಏಳನೇ ನಿಮಿಷದ ಸುಮಾರಿಗೆ ನಿಂತು, ನಿಧಾನವಾಗಿ ಇಳಿಯಲು ಶುರುವಾಯಿತು.

ಒಲೆ ಆರಿಸಿದ ಮೇಲೂ ಕಾವಲಿಯ ಹಿಡಿ ಬಿಸಿಯಾಗುತ್ತಾ ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಇದೂ ಅದೇ. ಓಡುವಾಗ ಟರ್ಬೈನ್ ಚಕ್ರ 500-600 ಡಿಗ್ರಿ ಬಿಸಿ ಇದ್ದರೂ ಇಂಧನ ಮತ್ತು ಕಂಪ್ರೆಸರಿನ ಗಾಳಿ ಬೇರಿಂಗನ್ನು ತಣ್ಣಗೆ ಇಟ್ಟಿರುತ್ತವೆ. ನಿಂತ ಕ್ಷಣ ಎರಡೂ ಬಂದ್. ಚಕ್ರದಲ್ಲಿ ಕೂಡಿದ ಬಿಸಿಗೆ ಹೊರಗೆ ಹೋಗಲು ಸುಲಭದ ದಾರಿ ಶಾಫ್ಟು, ಶಾಫ್ಟಿನ ಮೇಲೆ ಕೂತಿರುವುದು ಬೇರಿಂಗ್. ಅಲ್ಲಿ ಉಳಿದಿದ್ದ ಎಣ್ಣೆ ಬೆರೆತ ಇಂಧನ ಸುಟ್ಟು ಅಂಟಾಗುತ್ತದೆ. ತಣಿಸಲೆಂದು ಜಾಸ್ತಿ ಇಂಧನ ಬಿಟ್ಟಾಗ ಉಳಿಯುವುದೂ ಜಾಸ್ತಿ, ಸುಡುವುದೂ ಜಾಸ್ತಿ. ಮೆತ್ತಗಾದ ಪಂಜರ ಮುಂದಿನ ಓಟದಲ್ಲಿ ಮುರಿಯುತ್ತದೆ. ಕೆಟ್ಟದ್ದು ನಿಂತಾಗ, ಸತ್ತದ್ದು ಓಡುವಾಗ. ಲಾಗ್ ಪುಸ್ತಕ ಹಿಂದಕ್ಕೆ ತಿರುವಿದರೆ ಬೇರಿಂಗುಗಳು ಹೋದದ್ದು ಬಹುತೇಕ ದಿನದ ಎರಡನೇ ಅಥವಾ ಮೂರನೇ ಓಟದಲ್ಲಿ.

ಇದನ್ನು ಸಣ್ಣ ಕಂಪನಿಯ ಅನನುಭವ ಎಂದು ನಗುವವರಿಗೆ ಒಂದು ಮಾತು. 2016ರಲ್ಲಿ ಏರ್‌ಬಸ್ ಎ320ನಿಯೋ ವಿಮಾನಗಳು ಪ್ರಾಟ್ ಅಂಡ್ ವಿಟ್ನಿಯ ಹೊಸ ಪಿಡಬ್ಲ್ಯೂ1100ಜಿ ಎಂಜಿನ್‌ನೊಂದಿಗೆ ಬಂದಾಗ ಎಂಜಿನ್ ಶುರು ಮಾಡಲು ಮಾಮೂಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ನಿಂತ ಎಂಜಿನಿನೊಳಗೆ ಬಿಸಿಗಾಳಿ ಮೇಲೇರಿ ಶಾಫ್ಟಿನ ಮೇಲ್ಭಾಗ ಕೆಳಭಾಗಕ್ಕಿಂತ ಬಿಸಿ ಉಳಿಯುತ್ತದೆ, ಶಾಫ್ಟು ಕೂದಲೆಳೆಯಷ್ಟು ಬಾಗುತ್ತದೆ. ಅದು ನೆಟ್ಟಗಾಗುವ ತನಕ ಸುಮ್ನೆ ತಿರುಗಿಸುತ್ತಾ ಕಾಯಬೇಕಿತ್ತು. ಹೆಸರಾಂತ ಕಂಪನಿ, ಬೇರೆ ಗಾತ್ರದ ಎಂಜಿನ್, ಬೇರೆ ಪರಿಣಾಮ. ತೊಂದರೆ ಹುಟ್ಟಿದ್ದು ಅಲ್ಲೂ ಎಂಜಿನ್ ನಿಂತ ಮೇಲೆಯೇ.

ಎರಡನೇ ಜಗಳ

ಕಾರಣ ಸಿಕ್ಕಿತು, ಜಗಳ ಮುಗಿಯಲಿಲ್ಲ. ನನಗೆ ಈ ಪ್ರಕರಣದಲ್ಲಿ ಇದೇ ಭಾಗ ಮುಖ್ಯ.

ಗ್ರಾಹಕರ ಮುಂದೆ ಎಂಜಿನ್ ಓಡಿಸಿ ತೋರಿಸುವ ದಿನ ಹತ್ತಿರ ಬಂದಿತ್ತು. ಮುಖ್ಯಸ್ಥರು ಸುಲಭದ ದಾರಿ ಹಿಡಿಯಲು ನೋಡಿದರು: ಮೂರು ನಿಮಿಷ ಐಡಲ್, ಆಮೇಲೆ ಸ್ಟಾರ್ಟರ್ ಮೋಟರಿನಲ್ಲಿ ಸುಮ್ನೆ ತಿರುಗಿಸಿ ಗಾಳಿ ಹಾಯಿಸುವುದು, ಕೈಪಿಡಿಯಲ್ಲಿ ಹಾಗೆಂದು ಬರೆಯುವುದು. ಶೆಡ್ಡಿನಲ್ಲಿ ಇದು ಸಲೀಸಾಗಿ ಕೆಲಸ ಮಾಡಿತು. ತೋಟದವರ ಹತ್ತಿರ ಹೋಗಿ ಇನ್ನೂ ಮೂರು ನಿಮಿಷ ಕೇಳಿದರೆ, ‘ಐಡಲ್ ಸದ್ದು ನಮಗೆ ತೊಂದರೆ ಇಲ್ಲ, ಆ ಕಿರುಚಾಟ ಮಾತ್ರ ಬೇಡ’ ಅಂದುಬಿಟ್ಟರು. ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದರು.

ನಿವೃತ್ತರು ಒಪ್ಪಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: ಈ ವಿಮಾನ ಇಳಿಯುವುದು ಹೇಗೆ? ಅದಕ್ಕೆ ಚಕ್ರವಿಲ್ಲ. ಹಾರಾಟ ಮುಗಿದ ಮೇಲೆ ಎಂಜಿನ್ ಕಡಿದು, ಪ್ಯಾರಾಚೂಟ್ ಬಿಚ್ಚಿ, ಬಯಲಿಗೆ ಬೀಳುತ್ತದೆ. ಅಲ್ಲಿ ಐಡಲ್ ಬಿಡುವವರು ಯಾರು? ಅದೇ ದಿನ ಮತ್ತೆ ಹಾರಿಸಬೇಕು ಎಂದು ಗ್ರಾಹಕರ ಬೇಡಿಕೆಗಳ ಪಟ್ಟಿಯಲ್ಲೇ ಇದೆ. ‘ಕೈಪಿಡಿ ಓದೋದು ಮನುಷ್ಯ ಕಣ್ರೀ, ಶಾಫ್ಟ್ ಅಲ್ಲ’ ಅಂದರು.

ಆ ಪಟ್ಟಿ ಎಲ್ಲರ ಬಳಿಯೂ ಇತ್ತು. ನೂಕುಬಲ, ತೂಕ, ಇಂಧನ ಖರ್ಚಿನ ಸಾಲುಗಳಿಗೆ ಒಬ್ಬೊಬ್ಬರು ಜವಾಬ್ದಾರರಿದ್ದರು. ಪ್ಯಾರಾಚೂಟಿನ ಸಾಲಿಗೆ ಯಾರೂ ಇರಲಿಲ್ಲ, ಅದು ವಿಮಾನ ಮಾಡುವವರ ಕೆಲಸ ಎಂದು ಬಿಟ್ಟಿದ್ದರು.

ಕೊನೆಗೆ ಎರಡೂ ಮಾಡಲು ತೀರ್ಮಾನವಾಯಿತು. ಪ್ರದರ್ಶನಕ್ಕೆ ಕೈಪಿಡಿಯ ದಾರಿ, ಅದನ್ನು ಗ್ರಾಹಕರಿಗೆ ಮುಚ್ಚುಮರೆ ಇಲ್ಲದೆ ಹೇಳುವುದು. ಮುಂದಿನ ಎಂಜಿನ್‌ಗೆ ವಿನ್ಯಾಸ ಬದಲಾವಣೆ. ಉಷ್ಣದವರು ಟರ್ಬೈನಿಗೂ ಬೇರಿಂಗಿಗೂ ನಡುವೆ ಶಾಫ್ಟನ್ನು ತೆಳ್ಳಗೆ ಮಾಡಿದರು, ಬಿಸಿ ಹರಿಯುವ ದಾರಿ ಕಿರಿದಾಗಲಿ ಎಂದು. ಶಾಫ್ಟಿನ ಓಲಾಟ ನೋಡುವವರು ಹೌಹಾರಿದರು. ಶಾಫ್ಟ್ ತೆಳ್ಳಗಾದರೆ ಬಾಗುವುದು ಸುಲಭ, ಅದು ತಾನಾಗಿ ಓಲಾಡತೊಡಗುವ ವೇಗ ಕೆಳಗಿಳಿದು ಎಂಜಿನಿನ ಓಟದ ವೇಗಕ್ಕೇ ಬಂದು ತಾಗುತ್ತದೆ. ಅಲ್ಲಿಯ ತನಕ ಈ ಇಬ್ಬರು ಇಮೇಲಿನಲ್ಲಿ ಕಡತ ಕಳಿಸಿಕೊಂಡು ಕೆಲಸ ಮಾಡುತ್ತಿದ್ದರು. ಈಗ ಒಂದೇ ಮೇಜಿಗೆ ಕೂತು, ಮಿಲಿಮೀಟರಿನ ಭಾಗಗಳಿಗೆ ಚೌಕಾಸಿ ಮಾಡಿದರು.

ಆದ ಒಪ್ಪಂದ ಹೀಗಿತ್ತು. ಶಾಫ್ಟಿನ ಕುತ್ತಿಗೆ ಸ್ವಲ್ಪ ಮಾತ್ರ ತೆಳ್ಳಗೆ. ಚಕ್ರದ ಹಿಂದೆ ಗಾಳಿಯ ಅಂತರ ಬಿಟ್ಟು ಒಂದು ತೆಳು ತಗಡಿನ ಮರೆ. ರಾಳದ ಪಂಜರದ ಬದಲು ಉಕ್ಕಿನದು. ಇಂಧನ ಕಡಿದ ತಕ್ಷಣ ನಿಯಂತ್ರಣ ಪೆಟ್ಟಿಗೆ ತಾನೇ ಸ್ಟಾರ್ಟರ್ ಮೋಟರನ್ನು ತಿರುಗಿಸಬೇಕು, ಪ್ಯಾರಾಚೂಟಿನಲ್ಲಿ ತೂಗುತ್ತಿದ್ದಾಗಲೂ. ಅದಕ್ಕೆ ದೊಡ್ಡ ಬ್ಯಾಟರಿ ಬೇಕು, ತೂಕ ಏರುತ್ತದೆ. ತೂಕದ ಜವಾಬ್ದಾರಿ ಇದ್ದವರು ಮುಖ ಊದಿಸಿಕೊಂಡು ಸಹಿ ಹಾಕಿದರು.

ಕಲಿಯಲು ಇರುವುದು

ಜೆಟ್ ಎಂಜಿನ್ ಪರಿಣತಿ ಎಂದಾಗ ನಾವು ಮಾತಾಡುವುದು ಲೋಹದ ಬಗ್ಗೆ, ಒಂದೇ ಹರಳಿನಲ್ಲಿ ಎರಕ ಹೊಯ್ದ ಬ್ಲೇಡಿನ ಬಗ್ಗೆ, ತನ್ನ ಲೋಹದ ಕರಗುವ ಬಿಸಿಗಿಂತ ಹೆಚ್ಚಿನ ಬಿಸಿಗಾಳಿಯಲ್ಲಿ ಬ್ಲೇಡನ್ನು ಉಳಿಸುವ ಸಣ್ಣ ರಂಧ್ರಗಳ ಬಗ್ಗೆ. ಅದೆಲ್ಲ ನಿಜ, ದೊಡ್ಡ ಎಂಜಿನ್‌ಗೆ ಅದಿಲ್ಲದೆ ಆಗುವುದಿಲ್ಲ. ಆದರೆ ಈ ತಂಡಕ್ಕೆ ಅಡ್ಡ ಬಂದದ್ದು ಅದಲ್ಲ. ಬಿಸಿ ಶಾಫ್ಟಿನಲ್ಲಿ ಹರಿಯುವ ಲೆಕ್ಕ ಎಂಜಿನಿಯರಿಂಗ್ ಓದುವ ಹುಡುಗರಿಗೂ ಬರುತ್ತದೆ. ಆ ಲೆಕ್ಕ ಹಾಕಬೇಕು ಎಂದು ಯಾರೂ ಹೇಳಿರಲಿಲ್ಲ, ಅಷ್ಟೇ.

ದೊಡ್ಡ ಕಂಪನಿಯಲ್ಲಿ ಹೇಳುವವರು ಇರುತ್ತಾರೆ. ಯಾವ ಯಾವ ಸ್ಥಿತಿಗೆ ಲೆಕ್ಕ ಮಾಡಬೇಕು ಎಂಬ ಪಟ್ಟಿ ಎಂಜಿನಿಯರ್ ಕೈಗೆ ಬರುವ ಹೊತ್ತಿಗೆ ಅದರ ಹಿಂದೆ ಹತ್ತಾರು ವರ್ಷ ಎಂಜಿನ್ ಸುಟ್ಟವರ ಅನುಭವ ಇರುತ್ತದೆ. ಬೆಂಗಳೂರಿನ ಈ ಎಂಜಿನಿಯರುಗಳು ಅಂಥ ಪಟ್ಟಿಗೆ ಉತ್ತರ ಕೊಡುವುದರಲ್ಲಿ ಯಾರಿಗೂ ಕಡಿಮೆಯಲ್ಲ. ಪಟ್ಟಿ ಬರೆಯುವ ಕೆಲಸ ಅವರ ಕೈಗೆ ಬಂದಿರಲಿಲ್ಲ. ಅದು ಕೋರ್ಸಿನಲ್ಲಿ ಸಿಗುವುದಲ್ಲ, ಪೂರ್ತಿ ಎಂಜಿನ್ ಜೊತೆ ಇದ್ದು, ಅದು ಕೆಟ್ಟಾಗ ಬಿಚ್ಚಿದವರಿಗೆ ನಿಧಾನವಾಗಿ ಬರುವುದು. ಹಾಗೆಂದು ಬಿಚ್ಚಿದವರಿಗೆ ಎಲ್ಲ ಗೊತ್ತಿರುತ್ತದೆ ಎಂದೂ ಅಲ್ಲ. ನಿವೃತ್ತರ ಬಳಿ ಉತ್ತರ ಇತ್ತು, ಪ್ರಶ್ನೆ ಇರಲಿಲ್ಲ. ಕಡತದ ಒಂದು ಸಾಲು ಕಣ್ಣಿಗೆ ಬಿದ್ದ ಮೇಲೇ ಅದು ಹೊರಬಂದದ್ದು.

ಹೊಸದಾಗಿ ಇಂಥ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವುದಾದರೆ: ಮೊದಲ ಹತ್ತು ಜನರಲ್ಲಿ ಒಬ್ಬರಾದರೂ ಪರೀಕ್ಷೆ ಮತ್ತು ಬಿಚ್ಚುವಿಕೆಯ ಕಡೆಯಿಂದ ಬಂದಿರಲಿ, ಅವರನ್ನು ಸಲಹೆಗಾರ ಎಂದು ಮೂಲೆಯಲ್ಲಿ ಕೂರಿಸದೆ ಪರೀಕ್ಷೆಯ ಕ್ರಮವನ್ನು ಅವರಿಂದಲೇ ಬರೆಸಿ. ಹಸಿ ಕಡತವನ್ನು ಕತ್ತರಿಸಬೇಡಿ. ಕೆಟ್ಟ ಭಾಗದ ಬಣ್ಣ, ಅಂಟು, ಗೀರುಗಳಿಗೆ ವರದಿಯಲ್ಲಿ ‘ಪರಿಣಾಮ’ ಎಂದು ಬರೆಯುವ ಮೊದಲು ಅದನ್ನು ಸಾಬೀತು ಮಾಡಲು ಹೇಳಿ.

ಕೊನೆಗೆ ಆದದ್ದು

ಹೊಸ ವಿನ್ಯಾಸದಲ್ಲಿ, ಪೂರ್ತಿ ವೇಗದಿಂದ ಕಡಿದರೂ, ಬೇರಿಂಗಿನ ಬಿಸಿ 150ರ ಆಸುಪಾಸಿನಲ್ಲೇ ನಿಂತಿತು. ಗ್ರಾಹಕರು ಕೇಳಿದಷ್ಟು ಬಾರಿ ನಿಲ್ಲಿಸಿ ಶುರು ಮಾಡಿ ಬಿಚ್ಚಿ ನೋಡಿದಾಗ ಪಂಜರ ಸರಿಯಾಗಿತ್ತು, ಅಂಟು ತೆಳ್ಳಗೆ ಮಾತ್ರ ಇತ್ತು. ಆದರೆ ಕಾಲ ಮೀರಿತ್ತು. ಮೊದಲ ಗ್ರಾಹಕರು ಆ ವರ್ಷದ ಅಗತ್ಯಕ್ಕೆ ವಿದೇಶಿ ಎಂಜಿನ್ ಕೊಂಡರು. ಒಬ್ಬ ಹೂಡಿಕೆದಾರರು ಹಿಂದೆ ಸರಿದರು. ಕಂಪನಿ ಚಿಕ್ಕದಾಯಿತು, ಮುಚ್ಚಲಿಲ್ಲ.

ಉಷ್ಣದ ಎಂಜಿನಿಯರ್ ಈಗ ಪರೀಕ್ಷಾ ವಿಭಾಗದ ಹೊಣೆ ಹೊತ್ತಿದ್ದಾರೆ. ವಾರದಲ್ಲಿ ಹೆಚ್ಚು ದಿನ ಶೆಡ್ಡಿನಲ್ಲೇ ಇರುತ್ತಾರೆ. ಅವರು ಮತ್ತು ನಿವೃತ್ತರು ಕೂತು ಒಂದು ಪಟ್ಟಿ ಬರೆದಿದ್ದಾರೆ: ಎಂಜಿನ್ ಗೋದಾಮಿನಲ್ಲಿ ಕೂತಿರುವುದರಿಂದ ಹಿಡಿದು ಬಯಲಿನಲ್ಲಿ ಮಣ್ಣು ಮೆತ್ತಿಕೊಂಡು ಬಿದ್ದಿರುವ ತನಕ ಎಲ್ಲ ಸ್ಥಿತಿಗಳು, ಪ್ರತಿಯೊಂದರ ಮುಂದೆ ಒಬ್ಬರ ಹೆಸರು. ನಾನು ನೋಡಿದಾಗ ಒಂದು ಸಾಲಿನ ಮುಂದೆ ಹೆಸರಿದ್ದರೂ ಉತ್ತರ ಇರಲಿಲ್ಲ: ಎತ್ತರದಲ್ಲಿ ಎಂಜಿನ್ ಆರಿಹೋದರೆ ತೆಳುಗಾಳಿಯಲ್ಲಿ ಮತ್ತೆ ಹೊತ್ತಿಸುವುದು. ಅದಕ್ಕೆ ಬೇಕಾದ ತೆಳುಗಾಳಿಯ ಕೋಣೆ ಅವರ ಬಳಿ ಇಲ್ಲ. ಬಾಡಿಗೆಗೆ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಎಂದು ವಿಚಾರಿಸುತ್ತಿದ್ದರು.